ಬೀಜ ಮೊದಲೋ ವೃಕ್ಷ ಮೊದಲೋ

ಬೀಜ ಮೊದಲೋ ವೃಕ್ಷ ಮೊದಲೋ ಎಂಬುದು ಮೇಲುನೋಟಕ್ಕೆ ಮಕ್ಕಳ ಒಗಟಿನಂತೆ ತೋರುವ ಪ್ರಶ್ನೆ. ಬೀಜವಿಲ್ಲದೆ ವೃಕ್ಷವಿಲ್ಲ; ವೃಕ್ಷವಿಲ್ಲದೆ ಬೀಜವು ಎಲ್ಲಿಂದ ಬಂದೀತು? ಇದನ್ನೇ ಲೋಕದಲ್ಲಿ ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂದು ಕೇಳುವ ವಾಡಿಕೆಯುಂಟು. ಆ ಉದಾಹರಣೆ ಶಿವಭಕ್ತರ ಮನೆಯಂಗಳಕ್ಕೆ ಅಷ್ಟಾಗಿ ಒಗ್ಗದಿದ್ದರೂ ಪ್ರಶ್ನೆಯ ತಿರುಳು ಒಂದೇ ಆಗಿದೆ. ಭರತಖಂಡದ ಶಾಸ್ತ್ರಕಾರರು ಇದನ್ನು ಬೀಜಾಂಕುರ ನ್ಯಾಯವೆಂದು ಕರೆದರು. ಗ್ರೀಸ್ ದೇಶದ ಪ್ಲುಟಾರ್ಕನು ಭೋಜನಗೋಷ್ಠಿಯಲ್ಲಿ ಕುಳಿತ ಗೆಳೆಯರ ಚರ್ಚೆಯ ರೂಪದಲ್ಲಿ ಇದನ್ನು ಬರೆದಿಟ್ಟನು. ಅವನಿಗಿಂತ ನಾಲ್ಕು ಶತಮಾನ ಹಿಂದಿನ ಅರಿಸ್ಟಾಟಲನು, ಬೀಜವನ್ನು ಕೊಟ್ಟ ಪೂರ್ಣಜೀವಿಯೊಂದು ಬೀಜಕ್ಕಿಂತ ಮೊದಲೇ ಇರಲೇಬೇಕೆಂದು ವಾದಿಸಿದ್ದನು.

ಪಂಡಿತರಿಗೆ ಇದು ವಾದದ ವಿಷಯ. ಸಂಸಾರಿಗಳಿಗಾದರೋ ಇದು ಬೇರೊಂದು ವೇಷವನ್ನು ಧರಿಸಿ ದಿನವೂ ಬಾಗಿಲಿಗೆ ಬಂದು ನಿಲ್ಲುತ್ತದೆ. ಮನಸ್ಸು ನೆಲೆಗೊಂಡ ಮೇಲೆ ಲಿಂಗಪೂಜೆಗೆ ಕುಳಿತೇನೆಂದು ಒಬ್ಬ ಗೃಹಸ್ಥನು ಹೇಳುತ್ತಾನೆ. ಪೂಜೆಗೆ ಕುಳಿತಲ್ಲದೆ ಮನಸ್ಸು ನೆಲೆಗೊಳ್ಳದೆಂದು ಮನೆಯ ಹಿರಿಯರು ಹೇಳುತ್ತಾರೆ. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ದಾಸೋಹವೆಂದು ಮತ್ತೊಬ್ಬನ ಮಾತು. ಇಬ್ಬರು ದಾಯಾದಿಗಳು ಬೇಲಿಯ ಎರಡು ಬದಿಯಲ್ಲಿ ನಿಂತು, ಮೊದಲು ಅವನು ಮಾತನಾಡಿಸಲಿ, ಆಮೇಲೆ ನಾನು ಎಂದುಕೊಳ್ಳುತ್ತ ಮುಪ್ಪಾಗುವುದುಂಟು. ಇವರೆಲ್ಲರೂ ಬೀಜವೃಕ್ಷದ ಪ್ರಶ್ನೆಯಲ್ಲಿಯೇ ಸಿಕ್ಕಿಕೊಂಡವರು. ಆದುದರಿಂದ ಇದನ್ನು ಒಗಟೆಂದು ತಳ್ಳಿಬಿಡದೆ ಸಾವಧಾನವಾಗಿ ಬಿಡಿಸಿ ನೋಡಬೇಕಾಗಿದೆ. ಹಾಗೆ ನೋಡುವುದಕ್ಕೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಮಲೆಗಳಷ್ಟು ಅನುಕೂಲವಾದ ಸ್ಥಳ ಮತ್ತೊಂದಿಲ್ಲ. ಅಲ್ಲಿ ಬೀಜವೆಂದರೂ ಗಿಡವೆಂದರೂ ಅನ್ನದ ಮಾತು.

ಮೊದಲು ಶಾಸ್ತ್ರದ ಮಾತನ್ನು ಮುಗಿಸಿಬಿಡಬಹುದು. ಒಂದನ್ನು ಸಿದ್ಧಪಡಿಸಲು ಎರಡನೆಯದು, ಎರಡನೆಯದನ್ನು ಸಿದ್ಧಪಡಿಸಲು ಮತ್ತೆ ಮೊದಲನೆಯದೇ ಬೇಕಾದರೆ ಅದನ್ನು ತಾರ್ಕಿಕರು ಅನ್ಯೋನ್ಯಾಶ್ರಯ ದೋಷವೆನ್ನುವರು. ಬೀಜವೃಕ್ಷಗಳಲ್ಲಿ ಈ ದೋಷವಿದೆಯೆಂದು ತೋರುವುದಷ್ಟೇ, ವಾಸ್ತವದಲ್ಲಿ ಇಲ್ಲ. ಕಳಸದ ತೋಟವೊಂದರಲ್ಲಿ ಇಂದು ನಿಂತಿರುವ ಕಾಫಿ ಗಿಡವು ಯಾವ ಬೀಜದಿಂದ ಹುಟ್ಟಿತೋ ಆ ಬೀಜವನ್ನು ಆ ಗಿಡವೇ ಹೆತ್ತದ್ದಲ್ಲ. ಅದನ್ನು ಹೆತ್ತ ಗಿಡ ಬೇರೆ, ಆ ಗಿಡದ ಬೀಜ ಮತ್ತೂ ಬೇರೆ. ಹೀಗೆ ಸಾಲು ಹಿಂದಕ್ಕೆ ಹೋಗುತ್ತದೆಯೇ ಹೊರತು ಬಳೆಯಂತೆ ಸುತ್ತುವುದಿಲ್ಲ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಕರ್ಮ ಮೊದಲೋ ಶರೀರ ಮೊದಲೋ ಎಂಬ ಆಕ್ಷೇಪಕ್ಕೆ ಇದೇ ನ್ಯಾಯವನ್ನು ಹಿಡಿದು, ಸಂಸಾರವು ಅನಾದಿಯೆಂದು ಉತ್ತರ ಕೊಟ್ಟರು. ಆದರೆ ಅವರ ಪರಮಗುರುಗಳೆಂದು ಪ್ರಸಿದ್ಧರಾದ ಗೌಡಪಾದರು ಮಾಂಡೂಕ್ಯಕಾರಿಕೆಯಲ್ಲಿ ಈ ದೃಷ್ಟಾಂತವನ್ನೇ ಒಪ್ಪಲಿಲ್ಲ. ಬೀಜಾಂಕುರಗಳ ಸಾಲು ಅನಾದಿಯೆಂಬುದೇ ಇನ್ನೂ ಸಿದ್ಧವಾಗಬೇಕಾಗಿರುವಾಗ ಅದನ್ನು ಹಿಡಿದು ಇನ್ನೊಂದನ್ನು ಸಾಧಿಸುವುದು ಹೇಗೆಂಬುದು ಅವರ ಪ್ರಶ್ನೆ. ಗೌಡಪಾದರ ಈ ಆಕ್ಷೇಪವು ಬಹಳ ಹರಿತವಾದುದು; ಸಾಲು ನಿಜವಾಗಿಯೂ ಎಲ್ಲಿಗೆ ಹೋಗುತ್ತದೆಂದು ಹಿಂದೆ ನಡೆದು ನೋಡದೆ ಅನಾದಿಯೆಂಬ ಪದವೊಂದರಿಂದ ತೃಪ್ತರಾಗಬಾರದೆಂದು ಅದು ಎಚ್ಚರಿಸುತ್ತದೆ.

ಕಾಫಿಯ ಸಾಲನ್ನು ಹಿಡಿದು ಹಿಂದಕ್ಕೆ ನಡೆದರೆ ಮೊದಲು ದೊರೆಯುವ ಮೈಲಿಗಲ್ಲು ಚಂದ್ರದ್ರೋಣ ಪರ್ವತ. ಹದಿನೇಳನೆಯ ಶತಮಾನದಲ್ಲಿ, 1670ರ ಸುಮಾರಿಗೆ, ಬಾಬಾ ಬುಡನ್ ಎಂಬ ಸೂಫಿ ಸಂತರು ಮೆಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಬೆಟ್ಟದಲ್ಲಿ ಬಿತ್ತಿದರೆಂದು ಪರಂಪರೆ ಹೇಳುತ್ತದೆ. ಮೊಳೆಯುವ ಬೀಜ ಪರದೇಶಕ್ಕೆ ಹೋಗಬಾರದೆಂದು ಅರಬ್ ವರ್ತಕರು ಬೀಜವನ್ನು ಬೇಯಿಸಿಯೋ ಹುರಿದೋ ಮಾರುತ್ತಿದ್ದರೆಂಬ ಮಾತೂ ಆ ಕಥೆಯೊಡನೆಯೇ ಬಂದಿದೆ. ಈ ಹುರಿದ ಬೀಜದ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಅದರ ಕೆಲಸವಿದೆ. ಹಾಗಾದರೆ ಈ ಮಲೆಗಳಲ್ಲಿ ಬೀಜವೇ ಮೊದಲು, ಗಿಡ ಆಮೇಲೆ, ಇದರಲ್ಲಿ ಸಂಶಯವಿಲ್ಲ. ಆದರೆ ಯೆಮೆನ್ನಿನಲ್ಲಿ ಆ ಬೀಜಕ್ಕೆ ತಾಯಿಗಿಡಗಳಿದ್ದವು. ಅವುಗಳ ಪೂರ್ವಿಕರು ಕೆಂಪುಸಮುದ್ರದ ಆಚೆಯ ಇಥಿಯೋಪಿಯಾ ದೇಶದ ಕಾಡುಗಳಿಂದ ಬಂದವು.

ಅಲ್ಲಿಂದಲೂ ಹಿಂದಕ್ಕೆ ನಡೆದವರು ಈಚಿನ ವಿಜ್ಞಾನಿಗಳು. ಅರೇಬಿಕಾ ಕಾಫಿಯ ಜೀವಕಣದಲ್ಲಿ 44 ವರ್ಣತಂತುಗಳಿವೆ. ಅದರ ಬಂಧುಗಳಾದ ಇತರ ಕಾಫಿ ಜಾತಿಗಳಲ್ಲಿ 22 ಮಾತ್ರ. ಈ ಇಮ್ಮಡಿಗೆ ಕಾರಣವೇನೆಂದು ಶೋಧಿಸಲಾಗಿ, ರೊಬಸ್ಟಾ ಕಾಫಿಯ ಕುಲಕ್ಕೂ ಯೂಜೀನಿಯಾಯ್ಡಿಸ್ ಎಂಬ ಮತ್ತೊಂದು ಕಾಡು ಕಾಫಿಗೂ ಪ್ರಕೃತಿಯಲ್ಲಿಯೇ ನಡೆದ ಸಂಕರದಿಂದ ಅರೇಬಿಕಾ ಹುಟ್ಟಿತೆಂದು ತಿಳಿದುಬಂದಿತು. 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಈ ಸಂಕರದ ಕಾಲವನ್ನು ಸುಮಾರು ಆರು ಲಕ್ಷ ವರ್ಷಗಳ ಹಿಂದಕ್ಕೆ ಎಣಿಸಿದೆ. ಇಲ್ಲಿಗೆ ಬಂದಾಗ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಬೀಜ ಮೊದಲೋ ಗಿಡ ಮೊದಲೋ ಎಂಬ ಮಾತು ಇನ್ನು ಬರಿಯ ಸಾಲಿನ ಮಾತಲ್ಲ. ಹಿಂದಿಲ್ಲದ ಹೊಸದೊಂದು ಎಲ್ಲಿ ಮೊದಲು ಕಾಣಿಸಿಕೊಂಡಿತು ಎಂಬ ಮಾತು.

ಇದಕ್ಕೆ ಆರು ಲಕ್ಷ ವರ್ಷ ಹಿಂದಕ್ಕೆ ಹೋಗಬೇಕಾದ ಅಗತ್ಯವೂ ಇಲ್ಲ. ಭದ್ರಾನದಿಯ ದಂಡೆಯ ಬಾಳೆಹೊನ್ನೂರು ಶ್ರೀ ರಂಭಾಪುರಿ ಪೀಠದಿಂದ ವೀರಶೈವರೆಲ್ಲರಿಗೂ ಪರಿಚಿತವಾದ ಊರು. ಆ ಊರಿನ ಸಮೀಪದಲ್ಲಿಯೇ 1925ರಲ್ಲಿ ಮೈಸೂರು ಸಂಸ್ಥಾನದ ಕಾಫಿ ಪ್ರಯೋಗಕ್ಷೇತ್ರ ಸ್ಥಾಪನೆಯಾಯಿತು. ಇಂದು ಅದು ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಾಗಿದೆ. ಅದು ಹುಟ್ಟುವುದಕ್ಕೆ ಮುಂಚೆ ಈ ಮಲೆಗಳ ಕಾಫಿ ದೊಡ್ಡ ಸಂಕಟವನ್ನು ಕಂಡಿತ್ತು. ಚಿಕ್ಕಮಗಳೂರಿನ ಹೆಸರಿನಿಂದಲೇ ‘ಚಿಕ್’ ಎಂದು ಕರೆಯಲ್ಪಟ್ಟ ಹಳೆಯ ತಳಿಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಂಡ ಕೊರೆಯುವ ಹುಳುವಿಗೂ ಎಲೆಯ ತುಕ್ಕುರೋಗಕ್ಕೂ ತುತ್ತಾಗಿ ಕ್ಷೀಣಿಸಿತು. 1911ರ ಸುಮಾರಿಗೆ ಕೆಂಟ್ ಎಂಬ ತೋಟಗಾರನು ತನ್ನ ತೋಟದಲ್ಲಿ ಆರಿಸಿದ ಗಿಡದ ಸಂತತಿ ಕೆಲವು ಕಾಲ ರೋಗವನ್ನು ತಡೆದು ನಿಂತು, ಬಳಿಕ ತಾನೂ ಸೋತಿತು. ಬಾಳೆಹೊನ್ನೂರಿನ ವಿಜ್ಞಾನಿಗಳು ಎಸ್. 26 ಎಂಬ ಗುರುತಿನ ಗಿಡದಿಂದ ಎಸ್. 288 ಎಂಬುದನ್ನು ಆರಿಸಿ ತೆಗೆದು, ಅದನ್ನು ಕೆಂಟ್ ತಳಿಯೊಡನೆ ಕೂಡಿಸಿದರು. ಹಾಗೆ ಬಂದದ್ದೇ ಎಸ್. 795. ಅದು 1940ರ ದಶಕದಲ್ಲಿ ಬೆಳೆಗಾರರ ಕೈಗೆ ಬಂದು ಮಲೆನಾಡಿನಲ್ಲೆಲ್ಲ ಹಬ್ಬಿತು.

ಈ ವಂಶದ ಮೂಲದಲ್ಲಿರುವ ಎಸ್. 26 ಯಾರೂ ಬೇಕೆಂದು ಮಾಡಿದ ಗಿಡವಲ್ಲ. ಅರೇಬಿಕಾ ಮತ್ತು ಲೈಬೀರಿಕಾ ಎಂಬ ಎರಡು ಜಾತಿಗಳ ನಡುವೆ ತಾನಾಗಿಯೇ ಆದ ಸಂಕರ ಅದು. ಯಾವುದೋ ವರ್ಷ ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿದಾಗ ಒಂದು ಜಾತಿಯ ಪರಾಗ ಇನ್ನೊಂದರ ಹೂವನ್ನು ಸೇರಿತು. ತಾಯಿಗಿಡದಲ್ಲಿ ಏನೂ ಬದಲಾಗಲಿಲ್ಲ. ಅದರ ಎಲೆ ಕೊಂಬೆಗಳು ಹಿಂದಿನಂತೆಯೇ ಇದ್ದವು. ಆದರೆ ಆ ಹಣ್ಣಿನೊಳಗಿನ ಬೀಜದಲ್ಲಿ, ತಾಯಿಯಲ್ಲಿಯೂ ಇಲ್ಲದ ತಂದೆಯಲ್ಲಿಯೂ ಇಲ್ಲದ ಒಂದು ಕೂಟ ಕುಳಿತಿತ್ತು. ತುಕ್ಕುರೋಗವನ್ನು ತಡೆಯುವ ಒಂದು ಗುಣ ಲೈಬೀರಿಕಾದ ಕಡೆಯಿಂದ ಬಂದು ಅದರಲ್ಲಿ ಸೇರಿತ್ತು. ಹೊಸ ಜಾತಿಯ ಹುಟ್ಟನ್ನು ಕುರಿತು ಕೇಳುವುದಾದರೆ ಬೀಜವೇ ಮೊದಲೆಂದು ಧೈರ್ಯವಾಗಿ ಹೇಳಬಹುದು. ಗಿಡವು ಬೆಳೆದ ಮೇಲೆ ತನ್ನ ಜಾತಿಯನ್ನು ಬದಲಿಸಿಕೊಳ್ಳಲಾರದು. ಬದಲಾವಣೆ ಬೀಜದ ಕಾಲದಲ್ಲಿಯೇ ಆಗತಕ್ಕದ್ದು.

ಕೋಳಿಯ ವಿಷಯದಲ್ಲಿಯೂ ಉತ್ತರ ಬಹುಮಟ್ಟಿಗೆ ಇದೇ. ಕೋಳಿಯೆಂಬ ಹಕ್ಕಿ ಹುಟ್ಟುವುದಕ್ಕೆ ಕೋಟ್ಯಂತರ ವರ್ಷ ಮುಂಚೆಯೇ ಮೀನು, ಹಾವು, ಹಲ್ಲಿಗಳ ಪೂರ್ವಿಕರು ಮೊಟ್ಟೆಯಿಡುತ್ತಿದ್ದವು. 2010ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಮತ್ತು ವಾರಿಕ್ ವಿಶ್ವವಿದ್ಯಾನಿಲಯಗಳ ಸಂಶೋಧಕರು ಮೊಟ್ಟೆಯ ಚಿಪ್ಪು ಗಟ್ಟಿಯಾಗಲು ನೆರವಾಗುವ ಕೋಳಿಯ ದೇಹದ ಒಂದು ಪ್ರೋಟೀನನ್ನು ಕುರಿತು ಬರೆದಾಗ, ಕೋಳಿಯೇ ಮೊದಲೆಂದು ಪತ್ರಿಕೆಗಳು ಸಾರಿದವು. ಅದು ಆತುರದ ಮಾತು; ಇತರ ಹಕ್ಕಿಗಳಲ್ಲಿಯೂ ಅದನ್ನು ಹೋಲುವ ವಸ್ತುಗಳಿವೆ. ಅದಕ್ಕಿಂತಲೂ ಕುತೂಹಲಕರವಾದುದು ಮೂಡಿಗೆರೆಯ ಕಾಡಂಚಿನಲ್ಲಿ ಮುಂಜಾನೆ ಕೂಗುವ ಬೂದುಬಣ್ಣದ ಕಾಡುಕೋಳಿಯ ಸಂಗತಿ. ಸಾಕುಕೋಳಿಯ ಮುಖ್ಯ ಪೂರ್ವಿಕ ಕೆಂಪು ಕಾಡುಕೋಳಿ. ಆದರೆ ಅನೇಕ ಸಾಕುಕೋಳಿಗಳ ಹಳದಿ ಚರ್ಮದ ಗುಣವು ದಕ್ಷಿಣ ಭಾರತದ ಈ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹಾಗಾದರೆ ಕೋಳಿಗೆ ಒಂದೇ ಮೂಲವೆಂಬುದೂ ಇಲ್ಲ, ಇದೇ ಮೊದಲ ಕೋಳಿಯೆಂದು ಬೆರಳಿಟ್ಟು ತೋರಿಸಬಹುದಾದ ಒಂದು ಹಕ್ಕಿಯೂ ಇಲ್ಲ. ಮುಳ್ಳಯ್ಯನಗಿರಿಯ ಮೇಲೆ ನಿಂತವನು ಬೆಳಗಾಯಿತೆಂದು ಹೇಳಬಲ್ಲನು; ರಾತ್ರಿಯ ಕೊನೆಯ ಗಳಿಗೆ ಇದೆಂದು ಹೇಳಲಾರನು.

ಬೀಜವೇ ಮೊದಲೆಂಬ ಮಾತನ್ನು ಮನುಷ್ಯರ ಮೇಲೆ ಹೊರಿಸಿದಾಗ ಏನಾಗುತ್ತದೆಂಬುದು ಮಾತ್ರ ನಗೆಯ ವಿಷಯವಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಬೀಜ ಹೆಚ್ಚೋ ಕ್ಷೇತ್ರ ಹೆಚ್ಚೋ ಎಂಬ ಚರ್ಚೆ ನಡೆದು, ಎರಡನ್ನೂ ಹೋಲಿಸಿದಾಗ ಬೀಜವೇ ಶ್ರೇಷ್ಠವೆಂದು ಹೇಳಲಾಗಿದೆ. ಹುಟ್ಟಿನಿಂದಲೇ ಮನುಷ್ಯನ ಬೆಲೆಯನ್ನು ಕಟ್ಟುವವರಿಗೆ ಇಂತಹ ಮಾತು ಊರುಗೋಲಾಯಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಈ ಊರುಗೋಲನ್ನೇ ಮುರಿದರು. ಗುರುವಿನ ಕರದಲ್ಲಿ ಹುಟ್ಟಿದವನಿಗೆ ಹಿಂದಿನ ಹುಟ್ಟು ಲೆಕ್ಕಕ್ಕಿಲ್ಲವೆಂದರು. ಬಸವಣ್ಣನವರು ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತಮ್ಮ ಬಂಧುಗಳೆಂದು ಹೇಳಿಕೊಂಡರು. ಬ್ರಾಹ್ಮಣಕುಲದಿಂದ ಬಂದ ಮಧುವರಸರೂ ಸಮಗಾರ ಕುಲದಿಂದ ಬಂದ ಹರಳಯ್ಯನವರೂ ಬೀಗರಾದರು. ಬೀಜವೇ ಮೊದಲೆಂಬ ವಾದಕ್ಕೆ ತಲೆಬಾಗದುದಕ್ಕಾಗಿ ಆ ಇಬ್ಬರೂ ಪ್ರಾಣವನ್ನೇ ತೆತ್ತರೆಂದು ಪರಂಪರೆ ಸಾರುತ್ತದೆ. ಕಾಫಿಯಲ್ಲಿ ಸಂಕರದಿಂದ ಬಲ ಬಂದಿತೆಂಬುದನ್ನು ಹಿಡಿದು ಮನುಷ್ಯರ ಕುಲದ ವಿಷಯವನ್ನು ತೀರ್ಮಾನಿಸಹೊರಡುವುದೂ ಸರಿಯಲ್ಲ. ಗಿಡದ ನ್ಯಾಯ ಗಿಡಕ್ಕೆ. ಶರಣರು ಕುಲವನ್ನು ನಿರಾಕರಿಸಿದ್ದು ಸಸ್ಯಶಾಸ್ತ್ರದ ಬಲದಿಂದಲ್ಲ, ಲಿಂಗವು ಎಲ್ಲರ ಅಂಗದ ಮೇಲೂ ಒಂದೇ ಎಂಬ ಅರಿವಿನ ಬಲದಿಂದ. ಈ ಮಾತನ್ನು ಒಪ್ಪುವ ಮನೆಗಳಲ್ಲಿಯೂ ಮಕ್ಕಳ ಲಗ್ನದ ಮಾತು ಬಂದಾಗ ಮನುವಿನ ವಾದ ಹಿಂಬಾಗಿಲಿನಿಂದ ಒಳಗೆ ಬರುವುದು ವಿಷಾದದ ಸಂಗತಿ.

ಇನ್ನು ಆ ಹುರಿದ ಬೀಜದ ಮಾತು. ಸಾಲಿಗೆ ಆದಿ ಕಾಣದಿದ್ದರೂ ಅಂತ್ಯವಿರಬಹುದೆಂಬುದನ್ನು ಹುರಿದ ಬೀಜ ತೋರಿಸುತ್ತದೆ. ಪಾತಂಜಲ ಯೋಗಸೂತ್ರದ ವ್ಯಾಸಭಾಷ್ಯದಲ್ಲಿ ಜ್ಞಾನದಿಂದ ಸುಟ್ಟ ಕ್ಲೇಶಗಳನ್ನು ಸುಟ್ಟ ಬೀಜಕ್ಕೆ ಹೋಲಿಸಿದೆ. ಪ್ರತಿ ಮನೆಯಲ್ಲಿಯೂ ಬೆಳಗಿನ ಕಾಫಿಪುಡಿ ಇಂತಹ ಬೀಜದಿಂದಲೇ ಆದುದು. ಚಂದ್ರದ್ರೋಣಕ್ಕೆ ಬಂದ ಏಳು ಬೀಜದವರೆಗೆ, ಇಥಿಯೋಪಿಯಾದ ಕಾಡಿನವರೆಗೆ, ಆರು ಲಕ್ಷ ವರ್ಷಗಳವರೆಗೆ ಹಿಂದೆ ಚಾಚಿದ ಆ ಸಾಲು ಒಂದು ಬಾಣಲೆಯಲ್ಲಿ ಅರ್ಧ ಗಳಿಗೆಯಲ್ಲಿ ಮುಗಿದುಹೋಗುತ್ತದೆ. ಹುರಿಯುವವನು ಮೊದಲ ಬೀಜ ಯಾವುದೆಂದು ತಿಳಿದಿರಬೇಕಾದ ಅಗತ್ಯವಿಲ್ಲ. ಕರ್ಮ ಮೊದಲೋ ಜನ್ಮ ಮೊದಲೋ ಎಂಬುದನ್ನು ತೀರ್ಮಾನಿಸಿದ ಮೇಲೆ ಗುರುವಿನ ಬಳಿಗೆ ಹೋಗುವೆನೆನ್ನುವವನು ಇದನ್ನು ಯೋಚಿಸಬೇಕು. ಎಲ್ಲ ಸಾಲುಗಳ ಆಚೆಗೆ ಏನಿತ್ತು ಎಂಬ ಪ್ರಶ್ನೆಗೆ ಅಲ್ಲಮಪ್ರಭುಗಳು ಬೀಜವೆಂದೂ ಹೇಳಲಿಲ್ಲ, ವೃಕ್ಷವೆಂದೂ ಹೇಳಲಿಲ್ಲ, ಬಯಲೆಂದರು. ಬಯಲಿನಲ್ಲಿ ಮೊದಲು ಆಮೇಲೆ ಎಂಬ ಭೇದವೇ ಇಲ್ಲದುದರಿಂದ ಆ ಮಾತಿಗೆ ಎದುರುಪ್ರಶ್ನೆ ಹುಟ್ಟುವುದಿಲ್ಲ.

ಆದರೂ ಪೂಜೆಗೆ ಕುಳಿತುಕೊಳ್ಳದ ಗೃಹಸ್ಥನ ಪ್ರಶ್ನೆ ಹಾಗೆಯೇ ಉಳಿದಿದೆ. ಭಕ್ತಿ ಬಂದ ಮೇಲೆ ಆಚಾರವೋ, ಆಚಾರದಿಂದ ಭಕ್ತಿಯೋ? ಷಟ್‌ಸ್ಥಲದ ಕ್ರಮವನ್ನು ಬಲ್ಲವರಿಗೆ ಇದರ ಗಂಟು ಎಲ್ಲಿದೆಯೆಂದು ತಿಳಿಯುತ್ತದೆ. ಭಕ್ತಸ್ಥಲದಲ್ಲಿ ಶ್ರದ್ಧಾಭಕ್ತಿ, ಮಾಹೇಶ್ವರಸ್ಥಲದಲ್ಲಿ ನಿಷ್ಠಾಭಕ್ತಿ, ಪ್ರಸಾದಿಸ್ಥಲದಲ್ಲಿ ಅವಧಾನಭಕ್ತಿ. ಹೀಗೆ ಅನುಭವ, ಆನಂದಗಳನ್ನು ದಾಟಿ ಐಕ್ಯಸ್ಥಲದಲ್ಲಿ ಸಮರಸಭಕ್ತಿ. ಆರಂಭದಲ್ಲಿರುವುದೂ ಭಕ್ತಿಯೇ, ಕೊನೆಯಲ್ಲಿರುವುದೂ ಭಕ್ತಿಯೇ. ಬೀಜದಲ್ಲಿರುವುದಕ್ಕೂ ಹಣ್ಣಿನಲ್ಲಿರುವುದಕ್ಕೂ ಹೆಸರೊಂದೇ ಆದುದರಿಂದ, ಕೊನೆಯದು ಬಾರದೆ ಮೊದಲನೆಯದನ್ನು ಮಾಡಲಾರೆನೆಂಬ ಭ್ರಾಂತಿ ಹುಟ್ಟುತ್ತದೆ. ಮನಸ್ಸು ನೆಲೆಗೊಳ್ಳಲೆಂದು ಕಾಯುವವನು ಸಮರಸಭಕ್ತಿಯನ್ನು ಭಕ್ತಸ್ಥಲದ ಬಾಗಿಲಿನಲ್ಲಿಯೇ ಕೇಳುತ್ತಿದ್ದಾನೆ. ಅಲ್ಲಿ ಬೇಕಾದುದು ಶ್ರದ್ಧೆ ಮಾತ್ರ; ಪೂಜೆಗೆ ಕುಳಿತೇನೆಂದು ಅವನು ಆಡಿದ ಮಾತಿನಲ್ಲಿಯೇ ಅದರ ಒಂದು ಕಾಳು ಇದೆ.

ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ತೋಟದ ಗೊಗ್ಗಯ್ಯನನ್ನು ಕಾಣುವ ಪ್ರಸಂಗವಿದೆ. ತೋಟವನ್ನೇ ಬದುಕಾಗಿಸಿಕೊಂಡ ಆ ಮನುಷ್ಯನಿಗೆ ಪ್ರಭುಗಳು ತಮ್ಮ ತೋಟವೊಂದನ್ನು ವರ್ಣಿಸುತ್ತಾರೆ. ದೇಹವೇ ಆ ತೋಟ. ಅಲ್ಲಿ ಕೆಲಸಗಳು ಬರುವ ಕ್ರಮವನ್ನು ಗಮನಿಸಬೇಕು. ಬೀಜದ ಮಾತು ಮೊದಲು ಬರುವುದಿಲ್ಲ, ಸಸಿಯ ಮಾತೂ ಬರುವುದಿಲ್ಲ. ಅಗೆತ ಮೊದಲು; ಭ್ರಾಂತಿಯನ್ನು ಬೇರುಸಹಿತ ಕಿತ್ತು, ಸಂಸಾರದ ಗಟ್ಟಿಮಣ್ಣನ್ನು ಒಡೆದಾದ ಮೇಲೆ ಬಿತ್ತನೆ. ಬಿತ್ತಿದ ಮೇಲೆ ನೀರು, ನೀರಿನ ಮೇಲೆ ಬೇಲಿ, ಬೇಲಿ ಹಾಕಿದ ಮೇಲೆಯೂ ನಿದ್ರೆಗೆಡುವ ಕಾವಲು. ಬೀಜ ಮೊದಲೋ ವೃಕ್ಷ ಮೊದಲೋ ಎಂದು ಕೇಳುವವನಿಗೆ ಈ ತೋಟಗಾರರ ಉತ್ತರ ಎರಡೂ ಅಲ್ಲ. ನೆಲ ಹಸನಾಗುವುದು ಮೊದಲು. ಅದು ಮನುಷ್ಯನ ಕೈಯಲ್ಲಿರುವ ಕೆಲಸ, ಅದಕ್ಕೆ ಹಿಂದಿನದಾವುದೂ ಬೇಕಾಗಿಲ್ಲ.

ಕಾಫಿಯ ಸಸಿಮಡಿ ಮಾಡುವವರು ನಡೆಯುವುದೂ ಇದೇ ಕ್ರಮದಲ್ಲಿ. ಹಣ್ಣು ಕೆಂಪಾಗುತ್ತಿರುವಾಗಲೇ ಅತ್ತ ಮಡಿಯ ಮಣ್ಣನ್ನು ಅಗೆದು, ಬೇರು ಕಲ್ಲುಗಳನ್ನು ಆರಿಸಿ, ಗೊಬ್ಬರ ಬೆರೆಸಿ ಸಮ ಮಾಡಿರುತ್ತಾರೆ. ಗುರುತು ಮಾಡಿದ ಒಳ್ಳೆಯ ಗಿಡದಿಂದ ಪೂರಾ ಮಾಗಿದ ಹಣ್ಣನ್ನೇ ಬಿಡಿಸಿ, ಕೈಯಿಂದ ಸಿಪ್ಪೆ ಸುಲಿದು, ನೀರಿನಲ್ಲಿ ತೇಲುವ ಜೊಳ್ಳನ್ನು ಎಸೆದು, ಉಳಿದುದಕ್ಕೆ ಸೌದೆಯ ಬೂದಿಯನ್ನು ಬೆರೆಸಿ ನೆರಳಿನಲ್ಲಿ ಒಣಗಿಸುತ್ತಾರೆ. ಡಿಸೆಂಬರ್ ಜನವರಿಯಲ್ಲಿ ಚಪ್ಪಟೆಯ ಬದಿಯನ್ನು ಕೆಳಗೆ ಮಾಡಿ ಬೀಜವನ್ನು ಮಡಿಯಲ್ಲಿ ಸಾಲಾಗಿಟ್ಟು, ತೆಳುವಾಗಿ ಮಣ್ಣು ಮುಚ್ಚಿ, ಮೇಲೆ ಭತ್ತದ ಹುಲ್ಲನ್ನು ಹೊದಿಸುತ್ತಾರೆ. ಸುಮಾರು ನಲವತ್ತೈದು ದಿನ ಕಣ್ಣಿಗೆ ಏನೂ ಕಾಣುವುದಿಲ್ಲ. ನೀರು ಹಾಕುವವನು ಬರಿಯ ಹುಲ್ಲಿಗೆ ನೀರು ಹಾಕುತ್ತಿರುವಂತೆ ತೋರುತ್ತದೆ. ಆಮೇಲೆ ಮೊಳಕೆ ತನ್ನ ಬೀಜವನ್ನೇ ತಲೆಯ ಮೇಲೆ ಟೋಪಿಯಂತೆ ಹೊತ್ತುಕೊಂಡು ಮೇಲಕ್ಕೆ ಏಳುತ್ತದೆ. ಆ ಕೆಲವು ದಿನ ಬೀಜ ಯಾವುದು, ಗಿಡ ಯಾವುದೆಂದು ಬೇರೆ ಮಾಡಿ ಹೇಳಲು ನೋಡಿದವರಿಗೂ ಆಗದು.

ಕಾಫಿಯ ಬೀಜವು ರಾಗಿ ಭತ್ತಗಳಂತೆ ಕಣಜದಲ್ಲಿ ವರ್ಷಗಟ್ಟಲೆ ಕಾಯುವುದಿಲ್ಲ. ಕೆಲವು ತಿಂಗಳು ಇಟ್ಟರೆ ಅದರ ಮೊಳೆಯುವ ಶಕ್ತಿ ಕುಂದುತ್ತ ಹೋಗುತ್ತದೆ. ಅದಕ್ಕಾಗಿಯೇ ಮಲೆಗಳ ಬೆಳೆಗಾರರು ಕೊಯ್ಲಿನ ಎಷ್ಟೇ ಗಡಿಬಿಡಿಯಿದ್ದರೂ ಮಡಿಯ ಕೆಲಸವನ್ನು ಮುಂದಕ್ಕೆ ಹಾಕದೆ, ಅದೇ ಚಳಿಗಾಲದಲ್ಲಿ ಬಿತ್ತಿ ಮುಗಿಸುತ್ತಾರೆ.